ಎತ್ತರದ ಹುಡುಗನ ಕೈಗೆ ಚೆಂಡು

2016ರ ಫೆಬ್ರವರಿ 22ರ ರಾತ್ರಿ ಮಿಲ್ವಾಕಿಯ ಬ್ರ್ಯಾಡ್ಲಿ ಸೆಂಟರ್ ಕ್ರೀಡಾಂಗಣದಲ್ಲಿ ಎಲ್ಲರ ಕಣ್ಣು ಕೋಬಿ ಬ್ರಯಂಟ್ ಮೇಲಿತ್ತು. ನಿವೃತ್ತಿ ಘೋಷಿಸಿ ಊರೂರಿಗೂ ವಿದಾಯ ಹೇಳುತ್ತಿದ್ದ ಆ ದೊಡ್ಡ ಆಟಗಾರ ಈ ಊರಿನಲ್ಲಿ ಆಡಿದ ಕಡೆಯ ಪಂದ್ಯ ಅದು. ಆದರೆ ಆ ರಾತ್ರಿಯ ಅಂಕಪಟ್ಟಿಯಲ್ಲಿ ಎದ್ದು ಕಾಣುವ ಹೆಸರು ಬೇರೆಯವನದು. ಮಿಲ್ವಾಕಿ ಬಕ್ಸ್ ತಂಡದ 21 ವರ್ಷದ ಯಾನಿಸ್ ಆಡೆಟೊಕುಂಬೊ 27 ಅಂಕ, 12 ರೀಬೌಂಡ್, 10 ಅಸಿಸ್ಟ್ ಗಳಿಸಿದ್ದ. ಮೂರೂ ಬಾಬ್ತಿನಲ್ಲಿ ಎರಡಂಕಿ ಮುಟ್ಟಿದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಟ್ರಿಪಲ್ ಡಬಲ್. ಅವನಿಗೆ ಅದು ಮೊದಲನೆಯದು. ಆ ಸೀಸನ್ ಮುಗಿಯುವುದರೊಳಗೆ ಇನ್ನೂ ನಾಲ್ಕು ಬಂದವು.

ಈ ಮೂರು ಸಂಖ್ಯೆಗಳಲ್ಲಿ ಮುಖ್ಯವಾದದ್ದು ಕೊನೆಯದು, ಹತ್ತು ಅಸಿಸ್ಟ್, ಅಂದರೆ ಜೊತೆಗಾರರ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳು. ಯಾನಿಸ್ 6 ಅಡಿ 11 ಅಂಗುಲದ ಹುಡುಗ. ಅಷ್ಟು ಎತ್ತರದವರು ಸಾಮಾನ್ಯವಾಗಿ ರಿಂಗ್‌ನ ಕೆಳಗೆ ನಿಂತು ಬೇರೆಯವರು ಕೊಟ್ಟ ಚೆಂಡನ್ನು ಒಳಗೆ ಹಾಕುವವರು. ಚೆಂಡನ್ನು ತಾವೇ ಡ್ರಿಬಲ್ ಮಾಡಿಕೊಂಡು ಬಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವ ಪಾಯಿಂಟ್ ಗಾರ್ಡ್ ಕೆಲಸ ತಂಡದ ಅತಿ ಗಿಡ್ಡ ಆಟಗಾರನದು ಎಂಬುದು ಬಹುಕಾಲದ ರೂಢಿ. ಆ ತಿಂಗಳು ಕೋಚ್ ಜೇಸನ್ ಕಿಡ್ ಆ ರೂಢಿಯನ್ನು ಬದಿಗಿಟ್ಟು ಚೆಂಡನ್ನು ಯಾನಿಸ್ ಕೈಗೆ ಒಪ್ಪಿಸಿದ್ದರು. ತಂಡ ಸೋಲುತ್ತಿತ್ತು. ಪ್ಲೇಆಫ್ ಆಸೆ ಬಹುತೇಕ ಕೈಬಿಟ್ಟಿತ್ತು. ಆ ಸೀಸನ್ 33 ಗೆಲುವು, 49 ಸೋಲಿನೊಂದಿಗೆ ಮುಗಿಯಿತು. ಗೆಲ್ಲುವ ತಂಡದ ಕೋಚ್ ಇಂಥ ಪ್ರಯೋಗಕ್ಕೆ ಕೈ ಹಾಕುತ್ತಿರಲಿಲ್ಲ.

ಮಿಲ್ವಾಕಿಗೆ ಮಾತ್ರ ಈ ಪ್ರಯೋಗ ಹೊಸದಲ್ಲ. ಮಿಷಿಗನ್ ಸರೋವರದ ದಡದ ಈ ಊರು ಬಿಯರ್ ಭಟ್ಟಿಗಳಿಗೆ, ಹಾರ್ಲಿ ಡೇವಿಡ್ಸನ್ ಬೈಕುಗಳಿಗೆ ಹೆಸರಾದದ್ದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಚಿಕ್ಕ ಊರು. ನ್ಯೂಯಾರ್ಕ್, ಲಾಸ್ ಏಂಜಲಿಸ್‌ನಂತೆ ತಾರೆಗಳು ತಾವಾಗಿ ಬಂದು ನೆಲೆಸುವ ಜಾಗವಲ್ಲ. ಹೀಗಾಗಿ ಇಲ್ಲಿನ ತಂಡಕ್ಕೆ ಇದ್ದ ದಾರಿ ಎರಡೇ: ಅದೃಷ್ಟ, ಇಲ್ಲವೇ ಕೈಗೆ ಬಂದ ಹುಡುಗನನ್ನು ತಾನೇ ತಿದ್ದಿ ಬೆಳೆಸುವುದು. ಅದೃಷ್ಟ ಒಮ್ಮೆ ಬಂದಿತ್ತು. 1968ರಲ್ಲಿ ಹುಟ್ಟಿದ ಬಕ್ಸ್, ಮರುವರ್ಷ ಕಾಲೇಜು ಆಟಗಾರರಲ್ಲಿ ಮೊದಲ ಆಯ್ಕೆ ಯಾರಿಗೆಂದು ಫೀನಿಕ್ಸ್ ಸನ್ಸ್ ಜೊತೆ ನಾಣ್ಯ ಚಿಮ್ಮಿಸಬೇಕಾಯಿತು. ಫೀನಿಕ್ಸ್‌ನವರು ಹೆಡ್ ಎಂದರು, ಟೇಲ್ ಬಿತ್ತು. ಮಿಲ್ವಾಕಿಗೆ ಲ್ಯೂ ಆಲ್ಸಿಂಡರ್ ಸಿಕ್ಕರು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರು ಬದಲಿಸಿಕೊಂಡವರು ಇವರೇ. ಆಸ್ಕರ್ ರಾಬರ್ಟ್‌ಸನ್ ಜೊತೆ ಸೇರಿ 1971ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟರು. 1975ರಲ್ಲಿ ತಾವೇ ಕೇಳಿಕೊಂಡು ಲಾಸ್ ಏಂಜಲಿಸ್‌ಗೆ ಹೊರಟುಹೋದರು.

ಆಮೇಲೆ ಬಂದದ್ದು ಡಾನ್ ನೆಲ್ಸನ್ ಕಾಲ. 1976ರಿಂದ 1987ರವರೆಗೆ ಕೋಚ್ ಆಗಿದ್ದ ನೆಲ್ಸನ್ ಕೈಯಲ್ಲಿ ಕರೀಂರಂಥ ಆಟಗಾರ ಇರಲಿಲ್ಲ, ಉಪಾಯಗಳಿದ್ದವು. ಅವುಗಳಲ್ಲೊಂದು, ಗಾರ್ಡ್‌ಗಳ ಬದಲು ಎತ್ತರದ ಫಾರ್ವರ್ಡ್ ಆಟಗಾರನ ಕೈಯಿಂದಲೇ ಆಟ ನಡೆಸುವುದು. ಮೊದಲು ಮಾರ್ಕಸ್ ಜಾನ್ಸನ್, ಆಮೇಲೆ ಪಾಲ್ ಪ್ರೆಸ್ಸಿ ಆ ಪಾತ್ರ ವಹಿಸಿದರು. 'ಪಾಯಿಂಟ್ ಫಾರ್ವರ್ಡ್' ಎಂಬ ಹೆಸರು ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಗಟ್ಟಿಯಾಗಿ ಅಂಟಿಕೊಂಡದ್ದು 1980ರ ದಶಕದ ಈ ಮಿಲ್ವಾಕಿಯಿಂದಲೇ. ನೆಲ್ಸನ್ ತಂಡ ಸತತ ಏಳು ಸೀಸನ್‌ಗಳಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆದ್ದಿತು. ಪ್ರಶಸ್ತಿ ಮಾತ್ರ ದಕ್ಕಲಿಲ್ಲ. ಅವರು ಹೋದ ಮೇಲೆ ಊರಿಗೆ ಬಂದ ಬರ ದೀರ್ಘವಾದದ್ದು. 2001ರ ನಂತರ ಹದಿನೆಂಟು ವರ್ಷ ಬಕ್ಸ್ ಒಂದೇ ಒಂದು ಪ್ಲೇಆಫ್ ಸುತ್ತನ್ನೂ ಗೆಲ್ಲಲಿಲ್ಲ.

ಆ ಬರಗಾಲದ ನಡುವೆ, ಹೊಸ ಆಟಗಾರರನ್ನು ಆರಿಸಿಕೊಳ್ಳುವ 2013ರ ಜೂನ್ 27ರ ಡ್ರಾಫ್ಟ್‌ನಲ್ಲಿ ಬಕ್ಸ್ ಹದಿನೈದನೆಯ ಆಯ್ಕೆಯಾಗಿ ಒಬ್ಬ ಗ್ರೀಕ್ ಹುಡುಗನನ್ನು ಆರಿಸಿತು. ಅವನು ಆಡುತ್ತಿದ್ದದ್ದು ಗ್ರೀಸ್‌ನ ಎರಡನೆಯ ದರ್ಜೆಯ ಲೀಗ್‌ನಲ್ಲಿ. ಪಂದ್ಯಕ್ಕೆ ಸರಾಸರಿ ಹತ್ತು ಅಂಕವೂ ಇರಲಿಲ್ಲ. ತಂಡದ ಜನರಲ್ ಮ್ಯಾನೇಜರ್ ಜಾನ್ ಹ್ಯಾಮಂಡ್ ಗ್ರೀಸ್‌ಗೆ ಹೋಗಿ ಅವನ ಆಟ ನೋಡಿ ಬಂದಿದ್ದರು. ಉದ್ದನೆಯ ಕೈಕಾಲು, ಬಲುದೊಡ್ಡ ಅಂಗೈ, ಆ ಎತ್ತರದಲ್ಲೂ ಚೆಂಡು ತಟ್ಟಿಕೊಂಡು ಓಡುವ ಗುಣ ಅವರ ಕಣ್ಣಿಗೆ ಬಿದ್ದಿತ್ತು.

ಚೆಂಡು ತಟ್ಟುವ ಆ ಗುಣಕ್ಕೂ ಒಬ್ಬ ಗುರು ಇದ್ದ. ಯಾನಿಸ್ ಹುಟ್ಟಿದ್ದು ಅಥೆನ್ಸ್‌ನಲ್ಲಿ, 1994ರ ಡಿಸೆಂಬರ್ 6ರಂದು. ಅಪ್ಪ ಚಾರ್ಲ್ಸ್, ಅಮ್ಮ ವೆರೋನಿಕಾ ನೈಜೀರಿಯಾದಿಂದ ಬಂದವರು. ಕಾಗದಪತ್ರವಿಲ್ಲದ ವಲಸಿಗರ ಮಗನಿಗೆ ಹುಟ್ಟಿದ ನೆಲದ ಪೌರತ್ವವೂ ಇರಲಿಲ್ಲ. ಅದು ಸಿಕ್ಕಿದ್ದು ಡ್ರಾಫ್ಟ್‌ಗೆ ಕೆಲವೇ ವಾರ ಮೊದಲು. ಸೆಪೋಲಿಯ ಎಂಬ ಬಡಾವಣೆಯಲ್ಲಿ ಮನೆ. ಅಣ್ಣತಮ್ಮಂದಿರು ಬೀದಿಯಲ್ಲಿ ಕೈಗಡಿಯಾರ, ತಂಪು ಕನ್ನಡಕ ಮಾರಿ ಮನೆಗೆ ಆಸರೆಯಾಗುತ್ತಿದ್ದರು. ಅಪ್ಪ ಫುಟ್‌ಬಾಲ್ ಆಟಗಾರನಾಗಿದ್ದವರು, ಹುಡುಗನಿಗೂ ಫುಟ್‌ಬಾಲೇ ಇಷ್ಟ. 2007ರ ಹೊತ್ತಿಗೆ ಸ್ಪಿರೋಸ್ ವೆಲ್ಲಿನಿಯಾಟಿಸ್ ಎಂಬ ಕೋಚ್ ಬೀದಿಯಲ್ಲಿ ಓಡಿಯಾಡುತ್ತಿದ್ದ ಈ ಹುಡುಗರನ್ನು ಕಂಡರು. ಮನೆಯವರಿಗೆ ಸಂಪಾದನೆಯ ದಾರಿ ಮಾಡಿಕೊಡುವುದಾಗಿ ಮಾತುಕೊಟ್ಟು ಅವರನ್ನು ಫಿಲಾಥ್ಲಿಟಿಕೋಸ್ ಎಂಬ ಸಣ್ಣ ಕ್ಲಬ್ಬಿಗೆ ಕರೆತಂದರು. ಯಾನಿಸ್ ಮತ್ತು ಅಣ್ಣ ಥನಾಸಿಸ್‌ಗೆ ಇದ್ದದ್ದು ಒಂದೇ ಜೊತೆ ಶೂ. ಒಬ್ಬ ಆಡಿ ಮುಗಿಸಿ ಬಿಚ್ಚಿಕೊಟ್ಟರೆ ಇನ್ನೊಬ್ಬ ಹಾಕಿಕೊಳ್ಳುತ್ತಿದ್ದ. ಅಭ್ಯಾಸ ಮುಗಿದಾಗ ತಡವಾದರೆ ಜಿಮ್ಮಿನಲ್ಲೇ ಮಲಗುತ್ತಿದ್ದದ್ದೂ ಉಂಟು. ಕೋಚಿಂಗ್ ಎಂದರೆ ಆಟದ ಪಟ್ಟು ಕಲಿಸುವುದು ಎಂದಷ್ಟೇ ತಿಳಿದವರು ಈ ಮೊದಲ ಅಧ್ಯಾಯವನ್ನು ಮರೆತುಬಿಡುತ್ತಾರೆ. ವೆಲ್ಲಿನಿಯಾಟಿಸ್ ಮಾಡಿದ ಮೊದಲ ಕೆಲಸ ಆ ಮನೆಯ ಒಲೆ ಉರಿಯುವಂತೆ ನೋಡಿಕೊಂಡದ್ದು. ಹೊಟ್ಟೆ ತುಂಬಿದ ಮೇಲೆ ತಾನೆ ಚೆಂಡಿನ ಮಾತು.

ಮಿಲ್ವಾಕಿಯಲ್ಲಿ ಯಾನಿಸ್‌ನ ಮೊದಲ ಕೋಚ್ ಲ್ಯಾರಿ ಡ್ರೂ. ಅವರ ಹೆಸರು ಈ ಕಥೆಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ, ಅದು ಅನ್ಯಾಯ. 2013ರ ಬೇಸಿಗೆಯಲ್ಲಿ ಬಕ್ಸ್ ಮಾಲೀಕರು ತಂಡವನ್ನು ಬುಡದಿಂದ ಕಟ್ಟಬೇಕೆಂದು ಹೊರಟವರಲ್ಲ. ಹಿಂದಿನ ವರ್ಷ ಪ್ಲೇಆಫ್‌ಗೆ ಹೋಗಿದ್ದ ತಂಡ ಅದು. ಈ ವರ್ಷವೂ ಹೋಗಬೇಕೆಂದು ಅನುಭವಿಗಳನ್ನು ಸೇರಿಸಿಕೊಂಡಿದ್ದರು. ಗಾಯಗಳ ಮೇಲೆ ಗಾಯ ಬಿದ್ದು ಲೆಕ್ಕವೆಲ್ಲ ತಲೆಕೆಳಗಾಯಿತು. 15 ಗೆಲುವು, 67 ಸೋಲು. ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನ, ತಂಡದ ಇತಿಹಾಸದಲ್ಲೇ ಅತಿ ಕೆಟ್ಟ ಸೀಸನ್. ಅಂಥ ವರ್ಷದಲ್ಲಿ ಕೋಚ್ ಕುರ್ಚಿ ಉಳಿಸಿಕೊಳ್ಳಲು ಅನುಭವಿಗಳನ್ನೇ ನೆಚ್ಚಿಕೊಳ್ಳುವುದು ಸಹಜ. ಆದರೂ ಡ್ರೂ 77 ಪಂದ್ಯಗಳಲ್ಲಿ ಯಾನಿಸ್‌ನನ್ನು ಆಡಿಸಿದರು, ಪಂದ್ಯಕ್ಕೆ ಸರಾಸರಿ 24 ನಿಮಿಷಕ್ಕೂ ಹೆಚ್ಚು. ಮೊದಲ ಪಂದ್ಯ ನ್ಯೂಯಾರ್ಕ್‌ನಲ್ಲಿ, ಅಲ್ಲಿ ಅವನ ಗಳಿಕೆ ಒಂದು ಅಂಕ. ಸೀಸನ್ ಪೂರ್ತಿಯ ಸರಾಸರಿ 6.8. ಸಹಾಯಕ ಕೋಚ್ ಜೋಶ್ ಓಪನ್‌ಹೈಮರ್ ಅಭ್ಯಾಸದಲ್ಲಿ ಅವನ ಬೆನ್ನು ಬಿಡದೆ ದುಡಿಸಿದರು. ಜಾರ್ಜಿಯಾ ದೇಶದ ಝಾಝಾ ಪಚುಲಿಯಾ, ಮಿಲ್ವಾಕಿಯ ಪಕ್ಕದ ರಸೀನ್ ಊರಿನ ಕ್ಯಾರನ್ ಬಟ್ಲರ್ ಅವರಂಥ ಹಿರಿಯ ಆಟಗಾರರು ಅಣ್ಣಂದಿರಂತೆ ನೋಡಿಕೊಂಡರು.

ಆ ವರ್ಷದ ನವೆಂಬರ್‌ನ ಘಟನೆಯೊಂದು ಮಿಲ್ವಾಕಿಯಲ್ಲಿ ಈಗ ಊರ ಕಥೆಯಾಗಿದೆ. ಪಂದ್ಯದ ದಿನ ಯಾನಿಸ್ ಕೈಯಲ್ಲಿದ್ದ ದುಡ್ಡನ್ನೆಲ್ಲ ಅಥೆನ್ಸ್‌ನ ಮನೆಗೆ ಕಳಿಸಿದ. ಹೊರಗೆ ಬಂದಾಗ ಟ್ಯಾಕ್ಸಿಗೂ ಕಾಸಿಲ್ಲ. ಕೊರೆಯುವ ಚಳಿಯಲ್ಲಿ ತೆಳುವಾದ ಜಾಕೆಟ್ಟಿನಲ್ಲೇ ಕ್ರೀಡಾಂಗಣದತ್ತ ಓಡತೊಡಗಿದ. ಕಾರಿನಲ್ಲಿ ಹೋಗುತ್ತಿದ್ದ ದಂಪತಿ ಗುರುತು ಹಿಡಿದು ಹತ್ತಿಸಿಕೊಂಡು ಬಂದು ಬಿಟ್ಟರು. ಅಪ್ಪ ಅಮ್ಮ ಇನ್ನೂ ಅಥೆನ್ಸ್‌ನಲ್ಲಿದ್ದರು. 18 ತುಂಬಿ 19ಕ್ಕೆ ಕಾಲಿಡುತ್ತಿದ್ದ ಒಂಟಿ ಹುಡುಗನಿಗೆ ಕೋರ್ಟ್ ಮೇಲಿನ ಆ 24 ನಿಮಿಷವೇ ದಿನದ ಆಧಾರವಾಗಿತ್ತು. ತಪ್ಪು ಮಾಡಿದರೂ ನಾಳೆ ಮತ್ತೆ ಆಡಿಸುತ್ತಾರೆ ಎಂಬ ನೆಮ್ಮದಿಯನ್ನು 67 ಬಾರಿ ಸೋತ ಆ ತಂಡ ಅವನಿಗೆ ಕೊಟ್ಟಿತು.

ಡ್ರೂ ಅವರಿಗೆ ಅಂಥ ನೆಮ್ಮದಿ ಸಿಗಲಿಲ್ಲ. 2014ರ ಏಪ್ರಿಲ್‌ನಲ್ಲಿ ಹಳೆಯ ಮಾಲೀಕ ಹರ್ಬ್ ಕೋಲ್ ತಂಡವನ್ನು ಊರು ಬಿಟ್ಟು ಒಯ್ಯಬಾರದೆಂದು ಷರತ್ತು ಹಾಕಿ 55 ಕೋಟಿ ಡಾಲರ್‌ಗೆ ಮಾರಿದರು. ಹೊಸ ಮಾಲೀಕರು ಡ್ರೂ ಹುದ್ದೆಯಲ್ಲಿರುವಾಗಲೇ ಬ್ರೂಕ್ಲಿನ್ ತಂಡದ ಕೋಚ್ ಜೇಸನ್ ಕಿಡ್ ಜೊತೆ ಮಾತು ಮುಗಿಸಿದ್ದರು. ಜುಲೈ ಹೊತ್ತಿಗೆ ಡ್ರೂ ಹೊರಗೆ, ಕಿಡ್ ಒಳಗೆ. ಅದೇ ಬೇಸಿಗೆಯಲ್ಲಿ, ಕಡೆಯ ಸ್ಥಾನಕ್ಕೆ ಸಿಕ್ಕ ಎರಡನೆಯ ಡ್ರಾಫ್ಟ್ ಆಯ್ಕೆಯಲ್ಲಿ ಜಬಾರಿ ಪಾರ್ಕರ್ ಬಂದ. ಆಗ ಎಲ್ಲರ ಬಾಯಲ್ಲೂ ಬಕ್ಸ್‌ನ ಭವಿಷ್ಯ ಎಂದರೆ ಪಾರ್ಕರ್. ಯಾನಿಸ್ ಪಕ್ಕದ ಪಾತ್ರ.

ಕಿಡ್ ಅವರನ್ನು ಅರ್ಥಮಾಡಿಕೊಳ್ಳದೆ ಮುಂದಿನ ಮೂರೂವರೆ ವರ್ಷ ಅರ್ಥವಾಗುವುದಿಲ್ಲ. ಅವರು ಆಟಗಾರರಾಗಿ ಇತಿಹಾಸದ ಮೇಲ್ಪಂಕ್ತಿಯ ಪಾಯಿಂಟ್ ಗಾರ್ಡ್. ಎರಡು ಒಲಿಂಪಿಕ್ ಚಿನ್ನ, 2011ರಲ್ಲಿ ಡಲ್ಲಾಸ್ ಜೊತೆ ಪ್ರಶಸ್ತಿ. ಆದರೆ ಯೌವನದಲ್ಲಿ ಅವರಿಗೆ ದೂರದಿಂದ ಹೊಡೆಯಲು ಬರುತ್ತಿರಲಿಲ್ಲ. ಜಂಪ್ ಶಾಟ್‌ಗೆ ಅಮೆರಿಕದ ಆಡುಮಾತಿನಲ್ಲಿ 'ಜೆ' ಎನ್ನುತ್ತಾರೆ. ಇವರ ಬಳಿ 'ಜೆ' ಇಲ್ಲ ಎಂದು ಜೇಸನ್ ಹೆಸರಿನಿಂದ ಆ ಅಕ್ಷರ ಕಿತ್ತುಹಾಕಿ 'ಏಸನ್' ಎಂದು ಹಂಗಿಸುತ್ತಿದ್ದರು. ಅದೇ ಕಿಡ್ 2013ರಲ್ಲಿ ನಿವೃತ್ತರಾದಾಗ ಮೂರು ಅಂಕದ ಬುಟ್ಟಿಗಳ ಸಾರ್ವಕಾಲಿಕ ಪಟ್ಟಿಯಲ್ಲಿ ಮೂರನೆಯ ಸ್ಥಾನದಲ್ಲಿದ್ದರು. ದೂರದ ಹೊಡೆತವನ್ನು ನಿಧಾನವಾಗಿ, ವರ್ಷಗಟ್ಟಲೆ ಬೆವರಿಳಿಸಿ ಕಲಿತವರು.

ಯಾನಿಸ್‌ಗೆ ಅವರು ಹಾಕಿದ ಮೊದಲ ನಿರ್ಬಂಧ ಈ ಹೊಡೆತದ ಮೇಲೆಯೇ. ಮೊದಲ ವರ್ಷ 118 ಬಾರಿ ಮೂರು ಅಂಕಕ್ಕೆ ಎಸೆದಿದ್ದ ಹುಡುಗ, ಕಿಡ್ ಕೈಕೆಳಗಿನ ಮೊದಲ ವರ್ಷ ಎಸೆದದ್ದು 44 ಬಾರಿ, ಹಾಕಿದ್ದು ಏಳು. ಹೊರಗಿನಿಂದ ಎಸೆಯಬೇಡ, ಒಳಗೆ ನುಗ್ಗು ಎಂಬುದು ಆಜ್ಞೆ. ಸ್ಟೀಫನ್ ಕರಿ ಇಡೀ ಲೀಗನ್ನು ಮೂರು ಅಂಕದ ಗೆರೆಯಾಚೆಗೆ ಎಳೆದುಕೊಂಡು ಹೋಗುತ್ತಿದ್ದ ಕಾಲ ಅದು. ಮಿಲ್ವಾಕಿಯ ನಿರ್ಬಂಧ ಹಲವರಿಗೆ ಹಿಂದೆ ಸರಿದಂತೆ ಕಂಡಿತು. ಈಗ ನೋಡಿದರೆ ಅದರಲ್ಲಿ ಅರ್ಥವಿತ್ತು. ಓಡಿ ಬಂದು ಸುಲಭದ ಹೊಡೆತಕ್ಕೆ ನಿಂತುಬಿಡುವ ಹುಡುಗ ರಿಂಗ್‌ವರೆಗೆ ಹೋಗುವ ದಾರಿಯನ್ನು ಎಂದಿಗೂ ಕಲಿಯುವುದಿಲ್ಲ. ಯಾನಿಸ್ ಅರ್ಧ ಕೋರ್ಟಿನಿಂದ ಕೆಲವೇ ದಾಪುಗಾಲುಗಳಲ್ಲಿ ರಿಂಗ್ ಮುಟ್ಟುವುದನ್ನು ಮುಂದೆ ಜಗತ್ತೇ ನೋಡಿತು. ಆ ಹೆಜ್ಜೆ ಹದಗೊಂಡದ್ದು ಹೊರಗಿನ ಬಾಗಿಲು ಮುಚ್ಚಿದ್ದ ಈ ಅವಧಿಯಲ್ಲಿ.

ದಿನದಿನದ ಕೆಲಸ ಕಿಡ್ ಅವರಿಗಿಂತ ಹೆಚ್ಚಾಗಿ ಶಾನ್ ಸ್ವೀನಿಯದು. ಬ್ರೂಕ್ಲಿನ್‌ನಿಂದ ಕಿಡ್ ಜೊತೆಗೇ ಬಂದ ಈ ಯುವ ಸಹಾಯಕ ಕೋಚ್ ಯಾನಿಸ್‌ನನ್ನು ಕೂರಿಸಿಕೊಂಡು ಪಂದ್ಯಗಳ ವಿಡಿಯೋ ನೋಡಿಸುತ್ತಿದ್ದರು, ಬೇಸಿಗೆಯ ರಜೆಯಲ್ಲೂ ಬಿಡದೆ ಅಭ್ಯಾಸ ಮಾಡಿಸುತ್ತಿದ್ದರು. ಎನ್‌ಬಿಎ ಮಟ್ಟದಲ್ಲಿ ಮುಖ್ಯ ಕೋಚ್ ನಿರ್ಧಾರ ಮಾಡುತ್ತಾರೆ, ಹುಡುಗನ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುವವರು ಇಂಥ ಸಹಾಯಕರು. ನಮ್ಮ ಗರಡಿಮನೆಗಳಲ್ಲಿ ಉಸ್ತಾದನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ದಿನಾ ಬೆಳಗ್ಗೆ ಮಣ್ಣಿಗಿಳಿದು ಜೋಡಿಯಾಗಿ ನಿಲ್ಲುವ ಹಿರಿಯ ಪೈಲ್ವಾನನ ಹೆಸರು ಗೊತ್ತಿರುವುದಿಲ್ಲ. ಸ್ವೀನಿ ಆ ಸಾಲಿಗೆ ಸೇರಿದವರು.

ಪಾಯಿಂಟ್ ಗಾರ್ಡ್ ಪ್ರಯೋಗವನ್ನು ಕಿಡ್ 2014ರ ಜುಲೈನಲ್ಲಿ, ಲಾಸ್ ವೇಗಸ್‌ನ ಬೇಸಿಗೆ ಲೀಗ್‌ನಲ್ಲೇ ಒಮ್ಮೆ ಮಾಡಿ ನೋಡಿದ್ದರು. ಗೆಲುವು ಸೋಲು ಯಾರೂ ಲೆಕ್ಕಕ್ಕಿಡದ ಪಂದ್ಯಗಳವು. ಆಮೇಲೆ ಒಂದೂವರೆ ವರ್ಷ ಅದನ್ನು ಪಕ್ಕಕ್ಕಿಟ್ಟರು. 2014–15ರ ಸೀಸನ್‌ನಲ್ಲಿ ತಂಡ ಅನಿರೀಕ್ಷಿತವಾಗಿ ಗೆಲ್ಲತೊಡಗಿತ್ತು: ಉದ್ದ ಕೈಗಳ ಹುಡುಗರು ಚೆಂಡಿದ್ದವನ ಮೇಲೆ ಇಬ್ಬಿಬ್ಬರಾಗಿ ಮುಗಿಬೀಳುವ ರಕ್ಷಣೆಯನ್ನು ಕಿಡ್ ಕಟ್ಟಿದರು, 15 ಗೆದ್ದಿದ್ದ ತಂಡ 41 ಗೆದ್ದಿತು. ಪ್ಲೇಆಫ್‌ನಲ್ಲಿ ಶಿಕಾಗೊ ಎದುರು ಆರನೆಯ ಪಂದ್ಯದಲ್ಲಿ 54 ಅಂಕಗಳ ಅಂತರದಿಂದ ಸೋತಿತು. ಆ ಪಂದ್ಯದಲ್ಲಿ ಯಾನಿಸ್ ಸಿಟ್ಟಿನಿಂದ ಎದುರಾಳಿ ಮೈಕ್ ಡನ್‌ಲೀವಿಯನ್ನು ಓಡಿಬಂದು ಗುದ್ದಿ ಹೊರಹಾಕಿಸಿಕೊಂಡ. ಇಪ್ಪತ್ತರ ಹುಡುಗನಿಗೆ ಕಲಿಯುವುದು ಇನ್ನೂ ಬಹಳ ಇತ್ತು.

ಈ ಕಲಿಕೆಯ ದಾರಿ ಮೃದುವಾಗಿರಲಿಲ್ಲ. ಕಿಡ್ ಬೈಯುತ್ತಿದ್ದರು, ಬೆಂಚಿನಲ್ಲಿ ಕೂರಿಸುತ್ತಿದ್ದರು, ಸೋತ ಮರುದಿನ ಮೈ ನುಗ್ಗಾಗುವಂತೆ ಅಭ್ಯಾಸ ಮಾಡಿಸುತ್ತಿದ್ದರು. ಒಮ್ಮೆ ಬೆಂಚಿಗೆ ಕೂರಿಸಿದ್ದಕ್ಕೆ ಕೆರಳಿದ ಯಾನಿಸ್, ಇಷ್ಟು ಮಾತಾಡುವ ಇವರು ಆಟಗಾರರಾಗಿ ಏನು ಸಾಧಿಸಿದ್ದಾರೆ ನೋಡೋಣ ಎಂದು ಫೋನಿನಲ್ಲಿ ಹುಡುಕಿದನಂತೆ. ಪಟ್ಟಿ ಓದಿ ಸುಮ್ಮನಾದೆ ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಈ ಪ್ರಸಂಗವನ್ನು ಕಠಿಣ ಶಿಸ್ತಿನ ಹಿರಿಮೆಗೆ ಸಾಕ್ಷಿಯಾಗಿ ಹೇಳುವವರಿದ್ದಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಮ್ಮಲ್ಲೂ ಇಂಥ ಕಡೆ ಹೊರಬರುತ್ತದೆ. ಆದರೆ ಅದೇ ಬೈಗುಳ, ಅದೇ ಅಭ್ಯಾಸ ತಂಡದ ಉಳಿದ ಹುಡುಗರಿಗೂ ಸಿಕ್ಕಿತ್ತು. ಎಲ್ಲರೂ ಯಾನಿಸ್ ಆಗಲಿಲ್ಲ, ಕೆಲವರು ಕುಗ್ಗಿದರು. ಅವನಿಗೆ ಮಾತ್ರ ಸಿಕ್ಕಿದ್ದು ಚೆಂಡು. ಆದ್ದರಿಂದ ಕಿಡ್ ಅವರಿಗೆ ಸಲ್ಲಬೇಕಾದ ಮನ್ನಣೆ ಗದರಿದ್ದಕ್ಕಲ್ಲ, 2016ರ ಫೆಬ್ರವರಿಯ ಆ ನಿರ್ಧಾರಕ್ಕೆ.

ನಿರ್ಧಾರದ ಹಿಂದಿನ ಸಂದರ್ಭ ಹೀಗಿತ್ತು. 2015ರ ಫೆಬ್ರವರಿಯಲ್ಲಿ ತಂಡ ತನ್ನ ಗಾರ್ಡ್ ಬ್ರ್ಯಾಂಡನ್ ನೈಟ್‌ನನ್ನು ಕೊಟ್ಟು ಫಿಲಡೆಲ್ಫಿಯಾದಿಂದ ಮೈಕಲ್ ಕಾರ್ಟರ್ ವಿಲಿಯಮ್ಸ್‌ನನ್ನು ತಂದಿತ್ತು. ಹಿಂದಿನ ವರ್ಷವಷ್ಟೇ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡಿದ್ದವನು ಅವನು. ಮಿಲ್ವಾಕಿಯಲ್ಲಿ ಅವನ ಆಟ ಕುದುರಲಿಲ್ಲ. ಆಲ್ ಸ್ಟಾರ್ ಬಿಡುವು ಮುಗಿಯುತ್ತಿದ್ದಂತೆ ಕಿಡ್ ಚೆಂಡನ್ನು ಯಾನಿಸ್‌ಗೆ ಒಪ್ಪಿಸಿದರು, ಅಲ್ಲಿಂದ ಸೀಸನ್ ಕೊನೆಯವರೆಗೆ ಅವನ ಅಸಿಸ್ಟ್ ಸರಾಸರಿ ಏಳು ದಾಟಿತು. 2016ರ ಅಕ್ಟೋಬರ್‌ನಲ್ಲಿ ಕಾರ್ಟರ್ ವಿಲಿಯಮ್ಸ್ ಶಿಕಾಗೊಗೆ ಹೋದ. ಒಬ್ಬನ ಕೈಗೆ ಚೆಂಡು ಕೊಡಬೇಕಾದರೆ ಇನ್ನೊಬ್ಬನ ಕೈಯಿಂದ ತೆಗೆಯಲೇಬೇಕಿತ್ತು.

ಪಾಯಿಂಟ್ ಗಾರ್ಡ್ ಜಾಗದಲ್ಲಿ ನಿಂತವನಿಗೆ ಆಟ ಬೇರೆಯಾಗಿ ಕಾಣುತ್ತದೆ. ರಿಂಗ್ ಕೆಳಗೆ ನಿಂತ ಆಟಗಾರ ತನ್ನ ಬೆನ್ನ ಹಿಂದಿನವನನ್ನು ಮಾತ್ರ ಗಮನಿಸಿದರೆ ಸಾಕು. ಚೆಂಡು ತರುವವನಿಗೆ ಉಳಿದ ಒಂಬತ್ತು ಜನರೂ ಮುಂದೆ ಹರಡಿಕೊಂಡಿರುತ್ತಾರೆ. ಯಾರು ಎತ್ತ ಸರಿದರೆ ಎಲ್ಲಿ ಜಾಗ ತೆರೆಯುತ್ತದೆ ಎಂಬುದನ್ನು ಕ್ಷಣಕ್ಷಣಕ್ಕೂ ಓದಬೇಕು. ಆ ಓದು ಬಾರದ ಹೊಸಬ ಚೆಂಡು ಕಳೆದುಕೊಳ್ಳುತ್ತಾನೆ, ಪಂದ್ಯ ಸೋಲುತ್ತದೆ. ಸೋಲಿನ ತಂಡದಲ್ಲಿ ಅದರ ಬೆಲೆ ಕಡಿಮೆ. ಬುಡದಿಂದ ಕಟ್ಟುವ ತಂಡವೊಂದು ಎಳೆಯ ಆಟಗಾರನಿಗೆ ಕೊಡಬಹುದಾದ ಆಸ್ತಿ ಇದೇ: ಅಗ್ಗದ ತಪ್ಪುಗಳು.

2016–17ರಲ್ಲಿ ಫಲ ಕಂಡಿತು. ಪಂದ್ಯಕ್ಕೆ 22.9 ಅಂಕ, 8.8 ರೀಬೌಂಡ್, 5.4 ಅಸಿಸ್ಟ್. ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಈ ಐದರ ಒಟ್ಟು ಗಳಿಕೆಯಲ್ಲೂ ಲೀಗ್‌ನ ಮೊದಲ 20ರೊಳಗೆ ಬಂದ ಮೊದಲ ಆಟಗಾರ ಯಾನಿಸ್. ಆ ವರ್ಷದ ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿಯೂ ಬಂತು. ಜಬಾರಿ ಪಾರ್ಕರ್ ಸಹ ಆ ವರ್ಷ ಪಂದ್ಯಕ್ಕೆ 20 ಅಂಕ ಗಳಿಸುತ್ತಿದ್ದ. ಫೆಬ್ರವರಿಯಲ್ಲಿ ಅವನ ಎಡ ಮಂಡಿಯ ಅಸ್ಥಿರಜ್ಜು ಮತ್ತೆ ಹರಿಯಿತು. 2014ರ ಡಿಸೆಂಬರ್‌ನಲ್ಲಿ ಹರಿದದ್ದೂ ಅದೇ ಮಂಡಿಯಲ್ಲಿ. ಒಂದೇ ಕೋಚ್, ಒಂದೇ ಜಿಮ್, ಒಂದೇ ವಯಸ್ಸಿನ ಇಬ್ಬರು. ಪಾರ್ಕರ್ ಕಥೆ ಹೇಳದೆ ಯಾನಿಸ್ ಕಥೆ ಹೇಳಿದರೆ ಕೋಚಿಂಗ್‌ಗೆ ಇಲ್ಲದ ಶಕ್ತಿಯನ್ನು ಕೊಟ್ಟಂತಾಗುತ್ತದೆ.

2018ರ ಜನವರಿ 22ರಂದು ಕಿಡ್ ಅವರನ್ನು ತೆಗೆದುಹಾಕಿದರು. ಆಗ ತಂಡದ ಲೆಕ್ಕ 23 ಗೆಲುವು, 22 ಸೋಲು. ಮುಗಿಬೀಳುವ ರಕ್ಷಣೆಯನ್ನು ಎದುರಾಳಿಗಳು ಓದಿ ಮುಗಿಸಿದ್ದರು: ಇಬ್ಬರು ಒಬ್ಬನ ಮೇಲೆ ಬಿದ್ದಾಗ ಮೂಲೆಯಲ್ಲಿ ಯಾರಾದರೂ ಖಾಲಿ ಇದ್ದೇ ಇರುತ್ತಾರೆ. ಆ ದಿನ ಯಾನಿಸ್ ಕಿಡ್ ಅವರಿಗೆ ತಾನೇ ಫೋನ್ ಮಾಡಿ, ಮಾಲೀಕರ ಜೊತೆ ಮಾತಾಡಲೇ ಎಂದು ಕೇಳಿದ್ದಾಗಿ ವರದಿಯಾಯಿತು. ಬೈಸಿಕೊಂಡವನ ಮನಸ್ಸು ಹಾಗಿತ್ತು. ನಾಲ್ಕು ತಿಂಗಳ ಹಿಂದೆ, 2017ರ ಸೆಪ್ಟೆಂಬರ್‌ನಲ್ಲಿ, ಅವನ ಅಪ್ಪ ತೀರಿಕೊಂಡಿದ್ದರು.

ಯಾನಿಸ್‌ಗೆ ಸಿಕ್ಕ ಮೂರನೆಯ ಕಾಯಂ ಕೋಚ್ ಮೈಕ್ ಬ್ಯೂಡನ್‌ಹೋಲ್ಜರ್. ಸ್ಯಾನ್ ಆಂಟೋನಿಯೊ ತಂಡದಲ್ಲಿ ವಿಡಿಯೋ ಕೆಲಸದಿಂದ ಶುರುಮಾಡಿ ಗ್ರೆಗ್ ಪೊಪೊವಿಚ್ ಅವರ ಸಹಾಯಕರಾಗಿ ಬಹಳ ವರ್ಷ ಪಳಗಿದವರು. 2018ರ ಬೇಸಿಗೆಯಲ್ಲಿ ಮಿಲ್ವಾಕಿಗೆ ಬಂದು ಅವರು ಮಾಡಿದ ಕೆಲಸ ನೋಡಲು ತೀರಾ ಸರಳ. ಅಭ್ಯಾಸದ ಕೋರ್ಟಿನಲ್ಲಿ ಮೂರು ಅಂಕದ ಗೆರೆಯ ಸುತ್ತ ನೀಲಿ ಟೇಪಿನಿಂದ ಐದು ಚೌಕ ಬರೆಸಿದರು. ಚೆಂಡು ನಮ್ಮದಾದಾಗ ಆಟಗಾರರು ಆ ಚೌಕಗಳಿಗೆ ಹೋಗಿ ನಿಲ್ಲಬೇಕು. ಅಷ್ಟೇ. ನಾಲ್ವರು ಅಷ್ಟು ದೂರ ಹರಡಿ ನಿಂತರೆ ಅವರನ್ನು ಕಾಯುವ ನಾಲ್ವರೂ ದೂರ ಸರಿಯಬೇಕು. ನಡುವಿನ ಬಯಲು ಯಾನಿಸ್‌ದು.

ಈ ಬಯಲು ಮಾಡಲು ಸಿಕ್ಕಿದ ಅತ್ಯುತ್ತಮ ಸಲಕರಣೆ ಬ್ರೂಕ್ ಲೋಪೆಝ್. ಏಳಡಿಯ ಈ ಸೆಂಟರ್ ಆಟಗಾರ ತನ್ನ ಮೊದಲ ಎಂಟು ಸೀಸನ್‌ಗಳಲ್ಲಿ ಹಾಕಿದ್ದ ಮೂರು ಅಂಕದ ಬುಟ್ಟಿಗಳು ಒಟ್ಟು ಮೂರು. ಮಿಲ್ವಾಕಿಯ ಮೊದಲ ವರ್ಷವೊಂದರಲ್ಲೇ 187 ಹಾಕಿದ. ಎದುರು ತಂಡದ ಅತಿ ಎತ್ತರದ ಕಾವಲುಗಾರ ಅವನ ಹಿಂದೆ ಗೆರೆಯಾಚೆಗೆ ಓಡಬೇಕಾಯಿತು, ರಿಂಗ್ ಬರಿದಾಯಿತು. ಬಕ್ಸ್ 60 ಪಂದ್ಯ ಗೆದ್ದಿತು. ಯಾನಿಸ್ 27.7 ಅಂಕಗಳ ಸರಾಸರಿಯಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. ಮರುವರ್ಷ ಮತ್ತೆ ಅದೇ ಪ್ರಶಸ್ತಿ, ಜೊತೆಗೆ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ. ಗಮನಿಸಬೇಕಾದದ್ದು ಅನುಕ್ರಮ. ಇದೇ ಚೌಕಗಳನ್ನು 2014ರಲ್ಲಿ ಬರೆದಿದ್ದರೆ ಆ ಬಯಲಿನಲ್ಲಿ ಏನು ಮಾಡಬೇಕೆಂದು ಹುಡುಗನಿಗೆ ತಿಳಿಯುತ್ತಿರಲಿಲ್ಲ. ಕಿಕ್ಕಿರಿದ ಜಾಗದಲ್ಲಿ ದಾರಿ ಮಾಡಿಕೊಂಡು ಅಭ್ಯಾಸವಾದವನಿಗೆ ಆಮೇಲೆ ಬಯಲು ಸಿಕ್ಕಿತು.

ಬಯಲಿಗೂ ಗೋಡೆ ಎದ್ದಿತು. 2019ರ ಪ್ಲೇಆಫ್‌ನಲ್ಲಿ ಟೊರೊಂಟೊ ಎದುರು 2–0 ಮುನ್ನಡೆ ಪಡೆದ ಬಕ್ಸ್ ಮುಂದಿನ ನಾಲ್ಕೂ ಸೋತಿತು. ಕವಾಯ್ ಲೆನರ್ಡ್ ಎದುರಿಗೆ ನಿಂತ, ಹಿಂದೆ ಇನ್ನಿಬ್ಬರು ಭುಜಕ್ಕೆ ಭುಜ ಕೊಟ್ಟು ನಿಂತರು. ಓಡಿಬರುವ ಯಾನಿಸ್‌ಗೆ ಮೂರು ಎದೆಗಳ ಗೋಡೆ. ದೂರದ ಹೊಡೆತ ನಂಬಿಕೆಯದಲ್ಲ ಎಂಬುದು ಅವರ ಲೆಕ್ಕ. 2020ರಲ್ಲಿ ಮಯಾಮಿ ಅದೇ ಗೋಡೆ ಕಟ್ಟಿ ಐದು ಪಂದ್ಯಗಳಲ್ಲಿ ಕಥೆ ಮುಗಿಸಿತು. ಕಿಡ್ ಮುಚ್ಚಿದ್ದ ಆ ಹಳೆಯ ಬಾಗಿಲಿನ ಬೆಲೆ ಈಗ ತೆರಬೇಕಾಗಿ ಬಂತು. ಸಹಾಯಕ ಕೋಚ್ ಬೆನ್ ಸಲ್ಲಿವನ್ ಜೊತೆ ಯಾನಿಸ್ ದಿನವೂ ಎಸೆಯುತ್ತಿದ್ದ, ಆದರೂ ಫ್ರೀ ಥ್ರೋ ಸಹ ಹದಗೆಡುತ್ತ ಹೋಯಿತು. 2016–17ರಲ್ಲಿ ನೂರಕ್ಕೆ 77 ಬೀಳುತ್ತಿದ್ದವು, 2020–21ರಲ್ಲಿ 68.5. ಎಸೆಯುವ ಮೊದಲು ಅವನು ತೆಗೆದುಕೊಳ್ಳುವ ಸಮಯವನ್ನು ಎದುರಾಳಿ ಊರಿನ ಜನ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸತೊಡಗಿದರು.

ಈ ಹಂತದಲ್ಲಿ ಬ್ಯೂಡನ್‌ಹೋಲ್ಜರ್ ತಮ್ಮ ಪದ್ಧತಿಯನ್ನೇ ತಿದ್ದಿಕೊಂಡರು. ಚೆಂಡನ್ನು ಆಗಾಗ ಯಾನಿಸ್ ಕೈಯಿಂದ ತೆಗೆದು ಕ್ರಿಸ್ ಮಿಡಲ್ಟನ್‌ಗೆ, ಹೊಸದಾಗಿ ಬಂದ ಜ್ರೂ ಹಾಲಿಡೇಗೆ ಕೊಟ್ಟರು. ಯಾನಿಸ್ ಅವರಿಗೆ ಅಡ್ಡನಿಂತು ದಾರಿ ಬಿಡಿಸಿ ತಾನು ರಿಂಗ್‌ನತ್ತ ನುಗ್ಗಬೇಕು. ಐದು ವರ್ಷ ಪಾಯಿಂಟ್ ಗಾರ್ಡ್ ಕಣ್ಣಿನಿಂದ ಆಟ ನೋಡಿದವನು ಈಗ ರಿಂಗ್ ಹತ್ತಿರದ ಹಳೆಯ ಕೆಲಸಕ್ಕೆ ಮರಳಿದ, ಈ ಬಾರಿ ಎಲ್ಲಿ ಜಾಗ ತೆರೆಯುತ್ತದೆಂದು ಮೊದಲೇ ಗೊತ್ತಿದ್ದವನಾಗಿ. ಮಿಡಲ್ಟನ್ ಸಹ 2013ರಲ್ಲಿ ಡೆಟ್ರಾಯಿಟ್‌ನಿಂದ ವ್ಯಾಪಾರದಲ್ಲಿ ಬಂದು, 67 ಸೋಲಿನ ಆ ವರ್ಷದಿಂದ ಜೊತೆಗಿದ್ದವನು.

2021ರ ಜೂನ್ 29ರಂದು ಅಟ್ಲಾಂಟದಲ್ಲಿ ಯಾನಿಸ್‌ನ ಎಡ ಮಂಡಿ ಹಿಮ್ಮುಖವಾಗಿ ಬಾಗಿತು. ನೋಡಿದವರೆಲ್ಲ ಮುಗಿಯಿತು ಎಂದುಕೊಂಡರು. ಒಂದು ವಾರದಲ್ಲಿ, ಫೈನಲ್‌ನ ಮೊದಲ ಪಂದ್ಯಕ್ಕೆ ಅವನು ಮರಳಿದ. ಎದುರಾಳಿ ಫೀನಿಕ್ಸ್ ಸನ್ಸ್, 1969ರಲ್ಲಿ ನಾಣ್ಯದ ಆಟ ಸೋತಿದ್ದ ಅದೇ ತಂಡ. ಮೊದಲೆರಡು ಪಂದ್ಯ ಸೋತ ಬಕ್ಸ್ ಮುಂದಿನ ಮೂರು ಗೆದ್ದಿತು. ಜುಲೈ 20ರಂದು ಮಿಲ್ವಾಕಿಯಲ್ಲಿ ನಡೆದ ಆರನೆಯ ಪಂದ್ಯದಲ್ಲಿ ಯಾನಿಸ್ 50 ಅಂಕ, 14 ರೀಬೌಂಡ್ ಗಳಿಸಿದ, ಐದು ಹೊಡೆತ ತಡೆದ. 19 ಫ್ರೀ ಥ್ರೋಗಳಲ್ಲಿ 17 ಒಳಗೆ ಬಿದ್ದವು. 105–98. ಐವತ್ತು ವರ್ಷಗಳ ನಂತರ ಪ್ರಶಸ್ತಿ ಮರಳಿ ಊರಿಗೆ ಬಂತು.

ಫೀನಿಕ್ಸ್ ಫೈನಲ್‌ಗೆ ಬರುವ ದಾರಿಯಲ್ಲಿ ಲಾಸ್ ಏಂಜಲಿಸ್‌ನ ಎರಡೂ ತಂಡಗಳನ್ನು ಸೋಲಿಸಿ ಬಂದಿತ್ತು. ಮೊದಲ ಸುತ್ತಿನಲ್ಲಿ ಸೋತ ಲೇಕರ್ಸ್ ಬೆಂಚಿನಲ್ಲಿ ಸಹಾಯಕ ಕೋಚ್ ಆಗಿ ಕುಳಿತಿದ್ದವರು ಜೇಸನ್ ಕಿಡ್. ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಸೋತ ಕ್ಲಿಪ್ಪರ್ಸ್ ಬೆಂಚಿನ ಸಹಾಯಕರಲ್ಲಿ ಒಬ್ಬರು ಲ್ಯಾರಿ ಡ್ರೂ. ಮಿಲ್ವಾಕಿ ಪ್ರಶಸ್ತಿ ಎತ್ತುವ ಮೂರು ವಾರ ಮೊದಲು ಡಲ್ಲಾಸ್ ತಂಡ ಕಿಡ್ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿಕೊಂಡಿತ್ತು. ಶಾನ್ ಸ್ವೀನಿ ಮತ್ತೆ ಅವರ ಜೊತೆಗೆ ಹೋದರು. ಅಲ್ಲಿ ಚೆಂಡು ಹಿಡಿದು ಆಟ ನಡೆಸುತ್ತಿದ್ದವನು 6 ಅಡಿ 7 ಅಂಗುಲದ, 22 ವರ್ಷದ ಲೂಕಾ ಡಾನ್ಚಿಚ್.